ಗುಟ್ಟಿನ ಪದ ಹೇಳು

ಅಪ್ಪ ಬದುಕಿಡೀ ಲಿಫ್ಟು ರಿಪೇರಿ ಮಾಡಿದವನು. ಲಿಫ್ಟಿನ ಬಾಗಿಲು ತೆರೆದುಕೊಂಡ ಮಾತ್ರಕ್ಕೆ ಒಳಗೆ ಲಿಫ್ಟು ಬಂದು ನಿಂತಿದೆ ಅಂತ ನಂಬಬಾರದು, ಕಣ್ಣಾರೆ ನೋಡಿ ಕಾಲಿಡಬೇಕು ಎಂಬುದು ನನಗೆ ನಡೆಯಲು ಬಂದಾಗಲೇ ಅವನು ಕಲಿಸಿದ ಪಾಠ. ನಿವೃತ್ತನಾದ ಮೇಲೆ ಅವನ ಆ ಅನುಮಾನಕ್ಕೆ ಮಾಡಲು ಕೆಲಸವಿಲ್ಲದಂತಾಯಿತು. ಅದು ಮನೆಯಲ್ಲೇ ಅಡ್ಡಾಡುತ್ತ, ಕೊನೆಗೆ ನಮ್ಮ ಫೋನುಗಳ ಮೇಲೆ ಬಂದು ಕೂತಿತು.

ಶುರುವಾದದ್ದು ಕೆಳಗಿನ ಮನೆಯ ತಾತನಿಂದ. ಅವರು ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದವರು, ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ. ಅವರಿಗೊಂದು ಫೋನು ಬಂತು. ಮೊಮ್ಮಗನದೇ ದನಿ, ಅಳುತ್ತಿದ್ದ, ಪೊಲೀಸರು ಹಿಡಿದಿದ್ದಾರೆ ಅಂದ. ತಾತ ಗಾಬರಿಯಲ್ಲಿ ಆ ಕಡೆಯವರು ಒತ್ತಿ ಅಂದದ್ದನ್ನೆಲ್ಲ ಒತ್ತಿದರು. ಕೂಡಿಟ್ಟದ್ದೆಲ್ಲ ನೀರುಪಾಲಾಯಿತು. ಮೊಮ್ಮಗ ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲೇ ಗೊರಕೆ ಹೊಡೆಯುತ್ತಿದ್ದ. ಮದುವೆಯ ವಿಡಿಯೋ ಒಂದರಿಂದ ಅವನ ದನಿ ಕದ್ದು ಕಂಪ್ಯೂಟರಿನಲ್ಲಿ ನಕಲು ಮಾಡಿದ್ದರಂತೆ.

ಅಪ್ಪನಿಗೆ ಆಗ ಸಿಕ್ಕಿತು ನೋಡಿ ಕೈತುಂಬ ಕೆಲಸ. ಅವತ್ತೇ ನನ್ನನ್ನೂ ಅಮ್ಮನನ್ನೂ ಊಟದ ಮೇಜಿನ ಮುಂದೆ ಕೂರಿಸಿದ. ಇರುವುದೇ ಮೂರು ಜನ, ಆದರೂ ಎದ್ದು ನಿಂತು ಮಾತಾಡಿದ.

"ಬ್ಯಾಂಕಿನವರು ಅಂತ ಯಾರೇ ಫೋನ್ ಮಾಡಿದ್ರೂ ಕಟ್ ಮಾಡಿ. ಆಮೇಲೆ ನಮ್ಮ ಹತ್ರ ಇರೋ ನಂಬರಿಗೆ ನಾವೇ ಮಾಡಿ ಕೇಳೋಣ. ಮೆಸೇಜಲ್ಲಿ ಬಂದ ಲಿಂಕ್ ಒತ್ತಬಾರದು. ಒಂದೊಂದಕ್ಕೂ ಬೇರೆಬೇರೆ ಪಾಸ್‌ವರ್ಡು, ಉದ್ದಕ್ಕಿರಬೇಕು. ಓಟಿಪಿ ಬಂದ್ರೆ ಸಾಕ್ಷಾತ್ ದೇವರೇ ಕೇಳಿದ್ರೂ ಹೇಳಬಾರದು."

"ದೇವರಿಗೆ ಯಾಕ್ರೀ ನಮ್ಮ ಓಟಿಪಿ?" ಅಂದಳು ಅಮ್ಮ.

ಇದರಲ್ಲಿ ಒಂದು ಮಾತೂ ತಪ್ಪಲ್ಲ. ಇವತ್ತು ಯಾರಾದರೂ ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಅಪ್ಪ ದಡ್ಡನಾಗಿದ್ದಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಆದರೆ ಅವನಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಲಿಲ್ಲ. ಮಲಗಿದವರ ಬೆರಳು ಒತ್ತಿಸಿಯೂ ಫೋನು ತೆರೆಯಬಹುದು ಅಂತ ಅಮ್ಮನ ಫೋನಿನಲ್ಲಿ ಬೆರಳಚ್ಚು ತೆಗೆದುಹಾಕಿದ. ಬೀಗ ಹಾಕಿದ ಫೋನಿನ ಮೇಲೂ ಮನೆಯವರ ನಂಬರು ಕಾಣುವ ಹಾಗೆ ಇಡಬಹುದಲ್ಲ, ಆಪತ್ತಿಗೆ ಅಂತ, ಅದನ್ನೂ ಮುಚ್ಚಿಸಿದ. "ಕಳ್ಳನಿಗೆ ನಮ್ಮ ಸಂಸಾರದ ವಿಳಾಸ ಯಾಕೆ?" ಅಂದ. ರಸ್ತೆಯಲ್ಲಿ ಫೋನು ಕೈಗೆ ತೆಗೆಯಬಾರದು, ಸದ್ದಡಗಿಸಿ ಚೀಲದ ತಳದಲ್ಲಿಡಬೇಕು ಅಂದ. ಅಂಗಡಿಯವರು ನಂಬರು ಕೇಳಿದರೆ ಅಮ್ಮ ತನ್ನದನ್ನು ಕೊಡುವ ಹಾಗಿಲ್ಲ, ಅಪ್ಪನದನ್ನೇ ಕೊಡಬೇಕು. ಗೊತ್ತಿಲ್ಲದ ನಂಬರಿನಿಂದ ಬಂದ ಕರೆಗಳೆಲ್ಲ ತಾನಾಗಿಯೇ ರೆಕಾರ್ಡ್ ಆಗುವ ಹಾಗೆ ತನ್ನ ಫೋನಿನಲ್ಲಿ ಮಾಡಿಕೊಂಡ. ನಾಳೆ ಸಾಕ್ಷಿ ಬೇಕಾಗುತ್ತದಂತೆ.

ಕೊನೆಗೆ ಬಂದದ್ದು ಗುಟ್ಟಿನ ಪದ.

"ನಮ್ಮ ದನೀಲೇ ಯಾರಾದ್ರೂ ಫೋನ್ ಮಾಡಿದ್ರೆ ಏನು ಮಾಡ್ತೀರಿ? ನಮ್ಮ ಮೂವರಿಗೆ ಮಾತ್ರ ಗೊತ್ತಿರೋ ಒಂದು ಪದ ಇರಬೇಕು. ಅದನ್ನ ಹೇಳಿದ್ರೆ ನಮ್ಮವರು. ಹೇಳದಿದ್ರೆ ಕಟ್."

"ಗುಟ್ಟಂತೆ ಪದವಂತೆ, ಬದನೆಕಾಯಿ!" ಅಂದಳು ಅಮ್ಮ, ತಟ್ಟೆ ಎತ್ತುತ್ತ.

ಅಪ್ಪ ನಗಲಿಲ್ಲ. ಒಂದು ಗಳಿಗೆ ಯೋಚಿಸಿ, "ಸರಿ, ಅದೇ ಇರಲಿ. ಯಾರಿಗೂ ಹೊಳೆಯೋದಿಲ್ಲ," ಅಂದ. ನಾನೂ ಅಮ್ಮನೂ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕೆವು. ಆಮೇಲೆ ಎಷ್ಟೋ ದಿನ ಅಮ್ಮ ಮನೆಯ ಗಂಟೆ ಒತ್ತಿ, ಬಾಗಿಲ ಆಚೆಯಿಂದ "ಬದನೆಕಾಯಿ ಬಂದಿದೆ, ತೆಗೀರಿ" ಅಂತ ಕೂಗುತ್ತಿದ್ದಳು. ಅಪ್ಪ ಅವಸರದಿಂದ ಬಾಗಿಲು ತೆಗೆದು, "ಮೆತ್ತಗೆ ಹೇಳೇ, ನೆರೆಯವರಿಗೆ ಕೇಳಿಸುತ್ತೆ" ಅಂತ ರೇಗುತ್ತಿದ್ದ.

ನಾನು ಡ್ರೈಕ್ಲೀನಿಂಗ್ ಅಂಗಡಿಯೊಂದರಲ್ಲಿ ಗಿರಾಕಿಗಳ ಬಟ್ಟೆ ತೆಗೆದುಕೊಳ್ಳುವವಳು. ಕೋಟುಗಳ ಜೇಬು ತಡಕಿ, ಕಲೆ ಎಲ್ಲಿದೆ ನೋಡಿ, ಕಾಲರಿಗೆ ಚೀಟಿ ಚುಚ್ಚಿ ಒಳಗೆ ಕಳಿಸಬೇಕು. ಅವತ್ತು ಊಟ ಮುಗಿಸಿ ಮತ್ತೆ ಬಂದು ನಿಂತಿದ್ದೆ. ಅಪ್ಪನ ಫೋನು ಬಂತು. ದನಿಯಲ್ಲಿ ಗೆದ್ದವನ ಗತ್ತು.

"ಇವತ್ತು ಒಬ್ಬ ಸಿಕ್ಕಿಬಿದ್ದ ಕಣೇ! ನಿಮ್ಮಮ್ಮನ ದನಿ ಮಾಡಿಸಿದ್ದ. ಏನು ನಾಟಕ ಅಂತೀಯ, ಅಳೋದು, ತೊದಲೋದು. ದನಿ ಸರಿಯಾಗಿ ಕೂತಿರ್ಲಿಲ್ಲ, ಎಳೆದೆಳೆದು ಬರ್ತಿತ್ತು. ಪದ ಕೇಳಿದೆ ನೋಡು, ಬೆಬ್ಬೆಬ್ಬೆ ಅಂದ್ಬಿಟ್ಟ. ಕಟ್ ಮಾಡಿ, ಬ್ಲಾಕ್ ಮಾಡಿ, ಕಂಪ್ಲೇಂಟೂ ಹಾಕಿದೆ."

ನನ್ನ ಕೈಯಲ್ಲಿದ್ದ ಕೋಟು ಕೈಯಲ್ಲೇ ಇತ್ತು. "ಅಮ್ಮ ಎಲ್ಲಿ?" ಅಂದೆ.

"ಲೈಬ್ರರಿಗೆ ಹೋದಳು, ಪುಸ್ತಕ ವಾಪಸ್ ಕೊಡೋಕೆ."

"ಯಾವಾಗ?"

"ಬೆಳಗ್ಗೆ ತಿಂಡಿ ಆದಮೇಲೆ."

"ಅವಳಿಗೆ ಫೋನ್ ಮಾಡಿದ್ಯಾ?"

"ಮಾಡ್ದೆ ಇರ್ತೀನಾ? ನಮ್ಮ ಹತ್ರ ಇರೋ ನಂಬರಿಗೆ ನಾವೇ ಮಾಡ್ಬೇಕು ಅಂತ ಹೇಳಿಕೊಟ್ಟೋನೇ ನಾನು. ರಿಂಗ್ ಆಗ್ತಿದೆ, ತೆಗೀತಿಲ್ಲ. ರಸ್ತೇಲಿ ಅವಳು ಯಾವತ್ತು ತೆಗೆದಿದ್ದಾಳೆ?"

ಅಷ್ಟು ಹೇಳುವಾಗ ದನಿಯ ಗತ್ತು ಇಳಿದಿತ್ತು. ಅವನಿಗೂ ಒಳಗೊಳಗೇ ಏನೋ ಕೊರೆಯುತ್ತಿತ್ತು. ಅದಕ್ಕೇ ನನಗೆ ಫೋನು ಮಾಡಿದ್ದ ಅಂತ ಆಮೇಲೆ ಅನ್ನಿಸಿತು. ಬ್ಲಾಕ್ ಮಾಡಿದ ನಂಬರು ಹೇಳು ಅಂದೆ. "ಆ ನಂಬರಿಗೆ ಮಾಡಬಾರದು," ಅಂದ. ಅಂಗಡಿಯ ಗಿರಾಕಿಗಳೆಲ್ಲ ತಿರುಗಿ ನೋಡುವ ಹಾಗೆ ಅಪ್ಪನ ಮೇಲೆ ಕಿರುಚಿದೆ. ಹೇಳಿದ.

ಆ ಕಡೆ ಫೋನು ಎತ್ತಿದವನು ನಮ್ಮ ಕನ್ನಡಕದ ಅಂಗಡಿಯವನು.

"ನೀವು ಮಗಳಾ? ನಿಮ್ಮ ಮನೆಯವರು ಮನುಷ್ಯರಾ ಏನು? ಎಷ್ಟು ಸಲ ಮಾಡೋದು, ಹೋಗ್ತಾನೇ ಇಲ್ಲ! ಇಲ್ಲಿ ನಿಮ್ಮ ತಾಯಿ ಒಂದು ಕಡೆಗೆ ವಾಲ್ಕೊಂಡು ಕೂತಿದ್ದಾರೆ. ಮೊದಲು ಏನೇನೋ ಮಾತಾಡ್ತಿದ್ರು, ಈಗ ಅದೂ ಇಲ್ಲ. ಆಂಬುಲೆನ್ಸ್‌ಗೆ ಈಗ ಹೇಳಿದೀನಿ."

ಲೈಬ್ರರಿಗೆ ಹೋಗುವ ದಾರಿಯಲ್ಲೇ ಆ ಅಂಗಡಿ. ಅಮ್ಮ ಓದುವ ಕನ್ನಡಕವನ್ನು ರಿಪೇರಿಗೆ ಕೊಟ್ಟಿದ್ದಳು. ನಾಳೆ ಸಿಗುತ್ತದೆ ಅಂತ ಅಪ್ಪನಿಗೆ ಮೆಸೇಜು ಬಂದಿತ್ತು. ಅಮ್ಮನಿಗೆ ನಾಳೆಯವರೆಗೆ ತಡೆಯಲು ಆಗಿರಲಿಕ್ಕಿಲ್ಲ, ಓದದೆ ಕೂತರೆ ಅವಳಿಗೆ ಕೈಕಾಲು ಕಟ್ಟಿಹಾಕಿದ ಹಾಗೆ. ಒಳಗೆ ಹೋದವಳು ರಸೀದಿ ಕೊಡಲು ಕೈ ಎತ್ತಹೋದಳಂತೆ. ಕೈ ಏಳಲಿಲ್ಲವಂತೆ. ಅಂಗಡಿಯವನು ಕುರ್ಚಿ ಹಾಕಿ ಕೂರಿಸಿದ. ಅವಳ ಫೋನು ತೆಗೆದು ನೋಡಿದ, ಬೀಗ. ಮೇಲೆ ಯಾರ ನಂಬರೂ ಇಲ್ಲ. ಅದನ್ನು ಹಾಗೇ ಚೀಲಕ್ಕೆ ಹಾಕಿದ. ಅಪ್ಪ ಮಾಡಿದ ಕರೆಗಳೆಲ್ಲ ಆಮೇಲೆ ಆ ಚೀಲದ ತಳದಲ್ಲಿ ಸದ್ದಿಲ್ಲದೆ ಬಂದು ಹೋದವು. ರಸೀದಿಯ ಮೇಲಿದ್ದದ್ದು ಅಪ್ಪನ ನಂಬರು, ಅಂಗಡಿಯವನು ತನ್ನ ಸ್ವಂತ ಫೋನಿನಿಂದ ಅದಕ್ಕೆ ಕರೆ ಮಾಡಿದ. ಮನೆಯವರು ಫೋನಿನಲ್ಲಿ ನಕ್ಕು ಇಟ್ಟರಲ್ಲ, ಇದು ದಿನಾ ಆಗುವ ಸುಸ್ತಿರಬೇಕು ಅಂದುಕೊಂಡ. ನೀರು ಕುಡಿಸಿದ, ಫ್ಯಾನು ತಿರುಗಿಸಿದ, ಗಿರಾಕಿಗಳನ್ನು ನೋಡಿಕೊಂಡ. ಅವನ ಮೇಲೂ ನನಗೆ ಕೋಪವಿದೆ. ಆದರೆ ಅವನನ್ನು ಹಿಡಿದು ಬೈಯುವ ಹಕ್ಕು ನಮ್ಮ ಮನೆಯವರಿಗಿಲ್ಲ.

ಮಿದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿದೆ ಅಂದರು ಡಾಕ್ಟರು. ಹೆಪ್ಪು ಕರಗಿಸುವ ಔಷಧಿ ಇದೆ, ಆದರೆ ಅದನ್ನು ಕೊಡುವ ಹೊತ್ತು ಮೀರಿಹೋಗಿದೆ ಅಂದರು. "ಇಷ್ಟು ಹೊತ್ತು ಏನು ಮಾಡ್ತಿದ್ರಿ?" ಅಂತ ಕೇಳಿದರು. ಪಾಪ, ಅವರು ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಅಪ್ಪ ಆಸ್ಪತ್ರೆಯ ಲಿಫ್ಟಿನ ಬಾಗಿಲನ್ನೇ ನೋಡುತ್ತ ನಿಂತಿದ್ದ.

ಅಲ್ಲೇ ಬೆಂಚಿನ ಮೇಲೆ ಅವನ ಫೋನು ಕಿತ್ತುಕೊಂಡು ನಾನು ಆ ಕರೆ ಕೇಳಿದೆ. ಅಪ್ಪನ ಫೋನಿನಲ್ಲಿ ಅದು 'ಮೋಸದ ಕರೆ' ಅಂತ ಹೆಸರು ಹಾಕಿಕೊಂಡು ಕೂತಿತ್ತು.

"ಹಲೋ ಸಾರ್, ಕನ್ನಡಕದ ಅಂಗಡಿಯಿಂದ. ಇಲ್ಲಿ ನಿಮ್ಮ ಮನೆಯವರು ಬಂದಿದ್ದಾರೆ, ಯಾಕೋ ಹುಷಾರಿಲ್ಲ ಅನ್ಸುತ್ತೆ. ಸ್ವಲ್ಪ ಬೇಗ ಬರ್ತೀರಾ?"

"ಕನ್ನಡಕ ನಾಳೆ ಅಲ್ವೇನಯ್ಯಾ? ಅವಳು ಅಲ್ಲಿಗ್ಯಾಕೆ ಬರ್ತಾಳೆ? ಕೊಡು ಅವಳಿಗೆ ಫೋನು."

ಫೋನು ಕೈಬದಲಾದ ಸದ್ದು. ಉಸಿರು. ಆಮೇಲೆ ಅಮ್ಮ. ನಾಲಿಗೆ ದಪ್ಪಗಾದ ಹಾಗೆ, ಆದರೆ ಅಮ್ಮನೇ. ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಗೊತ್ತಿದ್ದು ಕೇಳಿದವಳು ನಾನು, ಆ ಮಾತು ಬೇರೆ.

"ರೀ... ರೀ... ಬಾಗಿಲು..."

"ಯಾವ ಬಾಗಿಲು?"

"ಬಾಗಿಲು... ನನ್ನ ಚಮಚ... ರೀ..."

"ಗುಟ್ಟಿನ ಪದ ಹೇಳು."

"ರೀ..."

"ರೀ ಅಂತ ಎಲ್ಲರ ಹೆಂಡತೀರೂ ಅಂತಾರೆ. ಪದ ಹೇಳು."

ಅವಳು ಹುಡುಕುತ್ತಿದ್ದಳು. ಅದು ಕೇಳಿಸುತ್ತದೆ. ಕತ್ತಲ ಕೋಣೆಯಲ್ಲಿ ಗೋಡೆ ತಡವಿ ಸ್ವಿಚ್ಚು ಹುಡುಕುವವರ ಹಾಗೆ ಉಸಿರು ಹಿಡಿದು, ಬಿಟ್ಟು, ಮತ್ತೆ ಹಿಡಿದು.

"ಕುಂ... ಕುಂಬಳಕಾಯಿ..."

ಅಪ್ಪ ಗಟ್ಟಿಯಾಗಿ ನಕ್ಕ. "ಹತ್ರ ಬಂದೆ ಕಣೋ ಮಗನೇ! ಆದ್ರೆ ಸಿಗಲಿಲ್ಲ." ಅಮ್ಮ ಅಳಲು ಶುರುಮಾಡಿದಳು. ಅಲ್ಲಿಗೆ ಕರೆ ಮುಗಿಯಿತು.

"ನಕ್ಕೆಯಲ್ಲಪ್ಪಾ," ಅಂದೆ. "ಅವಳು ತರಕಾರಿಯವರೆಗೂ ಬಂದಿದ್ದಳು. ಇನ್ನೊಂದು ಹೆಜ್ಜೆ ನೀನು ಬರಬಾರದಿತ್ತಾ? ಅಂಗಡಿ ಎಲ್ಲಿದೆ ಅಂತ ಗೊತ್ತಿತ್ತು. ಹೋಗಿ ಇಣುಕಿ ನೋಡೋಕೆ ಏನಾಗಿತ್ತು? ಕಣ್ಣಾರೆ ನೋಡ್ಬೇಕು ಅಂತ ಹೇಳಿಕೊಟ್ಟೋನು ನೀನೇ ತಾನೇ?"

ಅಪ್ಪ ಫೋನು ಕೊಡು ಅಂತ ಕೈ ಚಾಚಿದ. ನನಗೆ ಕನಿಕರ ಬರಲಿಲ್ಲ.

ಅಮ್ಮ ಬದುಕಿದಳು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ನಾವು ಹೇಳುವುದು ಅವಳಿಗೆ ಬಹುಮಟ್ಟಿಗೆ ತಿಳಿಯುತ್ತದೆ, ಅವಳು ಹೇಳುವುದು ಹೊರಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಮಾತು ಕಲಿಸಲು ಬರುತ್ತಿದ್ದ ಹುಡುಗಿ ದಿನವೂ ಚಿತ್ರಗಳನ್ನು ತೋರಿಸಿ ಬಾಯಿ ಆಡಿಸುತ್ತಿದ್ದಳು. ಒಂದು ಬೆಳಗ್ಗೆ ಅಪ್ಪ ಕುಡಿಯುವ ನೀರು ಹಿಡಿದು ಕೋಣೆಯೊಳಗೆ ಬಂದ. ಅಮ್ಮ ಅವನ ಕಡೆ ತಿರುಗಿದಳು. ತುಟಿ ಸೊಟ್ಟಗಾಯಿತು. ಆಮೇಲೆ ಸ್ಪಷ್ಟವಾಗಿ, ಒಂದಕ್ಷರವೂ ಜಾರದ ಹಾಗೆ ಅಂದಳು:

"ಬದನೆಕಾಯಿ."

ಆ ಹುಡುಗಿ ಖುಷಿಯಿಂದ ಚಪ್ಪಾಳೆ ತಟ್ಟಿದಳು. ಅಪ್ಪನ ಕೈಯಿಂದ ಲೋಟ ಬಿತ್ತು.

ಹೀಗೂ ಆಗುತ್ತದಂತೆ. ಮಾತೆಲ್ಲ ಹೋಗಿ ಒಂದೇ ಒಂದು ಪದ ಉಳಿಯುತ್ತದಂತೆ, ಯಾವುದು ಉಳಿಯುತ್ತದೆ ಅಂತ ಯಾರಿಂದಲೂ ಹೇಳಲಾಗುವುದಿಲ್ಲವಂತೆ. ಆಮೇಲೆ ಇನ್ನಷ್ಟು ಬರಬಹುದು ಅಂದಿದ್ದರು, ಬರಲಿಲ್ಲ. ಈಗ ಅಮ್ಮನಿಗೆ ನೀರು ಬೇಕಾದರೂ ಬದನೆಕಾಯಿ, ದಿಂಬು ಸರಿಸಬೇಕಾದರೂ ಬದನೆಕಾಯಿ, ಒದ್ದೆಯಾದರೂ ಬದನೆಕಾಯಿ. ನೋವಾದಾಗ ಅದನ್ನೇ ಕಿರುಚುತ್ತಾಳೆ. ಹೊಸಬರು ಯಾರಾದರೂ ನೋಡಲು ಬಂದರೆ ನಗು ತಡೆಯಲಾಗದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವರನ್ನು ಬೈಯಲು ನನಗೆ ಬಾಯಿಲ್ಲ, ಒಂದು ಕಾಲಕ್ಕೆ ನಾನೂ ಬಿದ್ದು ಬಿದ್ದು ನಕ್ಕವಳು.

ನಾನು ನನ್ನ ಫೋನಿನ ಮೇಲೆ, ಬೀಗ ಹಾಕಿದ್ದರೂ ಕಾಣುವ ಹಾಗೆ, ಮನೆಯ ನಂಬರು ಹಾಕಿಕೊಂಡೆ. ಅಪ್ಪನದಕ್ಕೂ ಹಾಕಿದೆ. ಬೇಡ ಅನ್ನಲಿಲ್ಲ. ಈಗ ಅವನು ಯಾರಿಗೂ ಏನೂ ಹೇಳಿಕೊಡುವುದಿಲ್ಲ.

ಮೊನ್ನೆ ಭಾನುವಾರ, ನಾನು ಬಟ್ಟೆ ಮಡಿಸುತ್ತಿದ್ದಾಗ, ಫೋನು ಹಿಡಿದು ಪಕ್ಕದಲ್ಲಿ ಬಂದು ಕೂತ.

"ಒಂದು ರೆಕಾರ್ಡಿಂಗು ಅಳಿಸಿ ಹೋಗದ ಹಾಗೆ ಇಡೋದು ಹೇಗೆ?"

ಯಾವುದು ಅಂತ ನಾನು ಕೇಳಲಿಲ್ಲ. ಅವನು ದಿನಾ ಮಧ್ಯಾಹ್ನ ಬಾಲ್ಕನಿಯಲ್ಲಿ ನಿಂತು ಕೇಳುವುದನ್ನು ನೋಡಿದ್ದೆ. ಮೊದಲ ಎರಡು "ರೀ" ಬಂದ ಕೂಡಲೇ ನಿಲ್ಲಿಸಿ, ಹಿಂದಕ್ಕೆ ತಳ್ಳಿ, ಮತ್ತೆ ಕೇಳುತ್ತಾನೆ. ಅವಳು ಅವನನ್ನು ಹಾಗೆ ಕರೆದದ್ದು ಅದೇ ಕೊನೆ.

"ಒಂದೇ ಕಡೆ ಇಡಬಾರದು," ಅಂದೆ. "ಫೋನ್ ಕೆಟ್ಟರೆ ಹೋಯ್ತು. ಒಂದು ಪ್ರತಿ ಆನ್‌ಲೈನಲ್ಲಿ, ಇನ್ನೊಂದು ಮನೇಲಿ ಬೇರೆ ಕಡೆ." ಎರಡೂ ಕಡೆ ಹಾಕಿಕೊಟ್ಟೆ, ತೆರೆದು ತೋರಿಸಿದೆ.

ಅವನು ಏಳಲಿಲ್ಲ. ಹೆಬ್ಬೆರಳಿನಿಂದ ಫೋನಿನ ಗಾಜು ಒರೆಸುತ್ತ ಕೂತಿದ್ದ. "ನನ್ನ ದನಿ ಬರೋ ಜಾಗ ಕತ್ತರಿಸೋಕೆ ಆಗುತ್ತಾ? ಅವಳದಷ್ಟೇ ಇರೋ ಹಾಗೆ?"

ಆಗುತ್ತದೆ. ಒಂದು ನಿಮಿಷದ ಕೆಲಸ.

"ಆಗಲ್ಲ," ಅಂದೆ.

"ಹ್ಞಾಂ," ಅಂದ. ನನ್ನ ಮುಖ ನೋಡಲಿಲ್ಲ. ಆಗಲ್ಲ ಅನ್ನುವುದನ್ನು ನಂಬಿದನೋ ಇಲ್ಲವೋ ಗೊತ್ತಿಲ್ಲ.

ಒಳಗಿನಿಂದ ಅಮ್ಮ ಕೂಗಿದಳು. ಅದೇ ಪದ. ಅಪ್ಪ ಗಡಬಡಿಸಿ ಎದ್ದ, ಮೊಣಕಾಲು ಮೇಜಿಗೆ ತಗುಲಿತು, ಕುಂಟುತ್ತಲೇ ಹೋದ. ನೀರಾ ಅಂತ ಕೇಳಲಿಲ್ಲ, ದಿಂಬಾ ಅಂತ ಕೇಳಲಿಲ್ಲ. ಆಸ್ಪತ್ರೆಯಿಂದ ಕರೆತಂದ ದಿನದಿಂದ, ಅವಳು ಪ್ರತಿ ಸಲ ಕೂಗಿದಾಗಲೂ ಮೊದಲು ಹೇಳುವುದನ್ನೇ ಬಾಗಿಲಲ್ಲಿ ನಿಂತು ಹೇಳಿದ.

"ಗೊತ್ತಾಯ್ತು ಕಣೇ. ನೀನೇ. ನೀನೇ."