ಎಣ್ಣೆ ಹಾಕಿದ್ದೆ

ಯಮನೂರನ ಹೇಳಿಕೆಯನ್ನು ಬರೆದುಕೊಂಡವಳು ನಾನೇ. ಅವನು ಹೇಳಿದ್ದಕ್ಕೆ ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಇದನ್ನು ಎಷ್ಟೋ ಜನರ ಮುಂದೆ ಜಂಬದಿಂದ ಹೇಳಿಕೊಂಡಿದ್ದೇನೆ. ಈಗ ಹೇಳುವಾಗ ನಾಲಿಗೆ ಕಹಿಯಾಗುತ್ತದೆ.

ಸಿಟಿ ಬಸ್ಸು ಓಡಿಸುವ ಸಂಸ್ಥೆಯೊಂದರ ಪರಿಹಾರ ವಿಭಾಗದಲ್ಲಿ ನಾನು ಕೇಸ್ ವರ್ಕರ್. ಕೆಲಸ ಮಾಡುವಾಗ ಪೆಟ್ಟಾದ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳ ಅರ್ಜಿಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಬಾಯಿ ಸ್ವಲ್ಪ ಜೋರು ಅಂತ ಆಫೀಸಿನಲ್ಲಿ ನನಗೆ ಹೆಸರಿದೆ. ಬೇಕಾದ ದಿನ ಆ ಬಾಯಿ ಎಲ್ಲಿ ಹೋಗಿತ್ತೋ.

ಯಮನೂರ ಕುಷ್ಟಗಿ ಕಡೆಯವನು. ಕುಂದಲಹಳ್ಳಿ ಹತ್ತಿರದ ನಮ್ಮ ಡಿಪೊದಲ್ಲಿ ಹೆಲ್ಪರ್. ಬೆಳಿಗ್ಗೆ ಬಸ್ಸುಗಳು ಹೊರಡುವ ಮುಂಚೆ ಇಂಜಿನ್ನಿಗೆ ಎಣ್ಣೆ ತುಂಬುವುದು ಅವನ ಕೆಲಸ. ಹೋದ ವರ್ಷ ಒಂದು ದಿನ ಹಾಗೆ ತುಂಬುತ್ತಿದ್ದಾಗ ಚೆಲ್ಲಿದ ಎಣ್ಣೆಯ ಮೇಲೆ ಕಾಲಿಟ್ಟು, ಬಸ್ಸಿನ ಅಡಿಭಾಗ ನೋಡಲು ತೋಡಿರುವ ಗುಂಡಿಗೆ ಬಿದ್ದ. ಸೊಂಟದ ಮೂಳೆ ಮುರಿಯಿತು.

ಮಾರನೆಯ ದಿನ ನಾನು ಆಸ್ಪತ್ರೆಗೆ ಹೋದೆ. ಇನ್ನೂ ಎರಡು ಕಡೆ ಹೋಗುವುದಿತ್ತು, ಹೊರಗೆ ಆಟೊ ಕಾಯುತ್ತಿತ್ತು. ಬೀಳುವ ಮುಂಚೆ ಏನು ಮಾಡುತ್ತಿದ್ದೆ ಎಂದು ಕೇಳಿದೆ.

"ಎಣ್ಣಿ ಹಾಕಿದ್ದೆರಿ ಅಕ್ಕಾರ. ಕಾಲು ಜಾರ್ತು," ಅಂದ.

ಎಣ್ಣೆ ಹಾಕಿದ್ದೆ, ಕಾಲು ಜಾರಿತು ಎಂದು ಹಾಗೇ ಬರೆದೆ. ಇಂಜಿನ್ನಿಗೆ ಅನ್ನುವ ಒಂದು ಪದ ಸೇರಿಸಬೇಕೆಂದು ಹೊಳೆಯಲೇ ಇಲ್ಲ. ನಾನು ದಾವಣಗೆರೆಯವಳು, ಅವನ ಮಾತು ನನಗೆ ಪೂರ್ತಿ ಅರ್ಥವಾಗಿತ್ತು. ಅವನು ಮಲಗಿದಲ್ಲೇ ಸಹಿ ಮಾಡಿದ.

ಆ ವರ್ಷ ಪರಿಹಾರದ ಖರ್ಚು ಇಳಿಸಲೇಬೇಕೆಂದು ಮೇಲಿನಿಂದ ಒತ್ತಡ. ನಮ್ಮ ಅಧಿಕಾರಿ ಬಾಲಾಜಿ ಪ್ರತಿ ಸೋಮವಾರ ಮೀಟಿಂಗ್ ಕರೆದು, ಕಣ್ಣುಮುಚ್ಚಿಕೊಂಡು ಕೇಸುಗಳನ್ನು ಮಂಜೂರಿಗೆ ಕಳಿಸುತ್ತೀರೆಂದು ಎಲ್ಲರೆದುರು ನನ್ನನ್ನು ಜಾಡಿಸುತ್ತಿದ್ದರು. ಆ ಸೋಮವಾರ ಮಾತ್ರ ಯಮನೂರನ ಫೈಲು ಹಿಡಿದು ನಗುತ್ತಾ ಬಂದರು. ಬೆಂಗಳೂರಲ್ಲಿ ಎಣ್ಣೆ ಹಾಕುವುದೆಂದರೆ ಕುಡಿಯುವುದು. ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

"ನೋಡಿ ಮೇಡಂ, ಅವನೇ ಒಪ್ಕೊಂಡ್ಬಿಟ್ಟಿದಾನೆ. ಕುಡಿದು ಬಿದ್ರೆ ಪರಿಹಾರ ಇಲ್ಲ. ಸ್ಟೇಟ್‌ಮೆಂಟ್ ಅಂದ್ರೆ ಹೀಗ್ ತಗೋಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ಇಂಜಿನ್ ಎಣ್ಣೆ ಸಾರ್ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತಿಂಗಳುಗಟ್ಟಲೆ ಬೈಸಿಕೊಂಡವಳಿಗೆ ಮೊದಲ ಸಲ ಸಿಕ್ಕ ಹೊಗಳಿಕೆ ಅದು; ಕೈಯಾರೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ವಿಚಾರಣೆಯಲ್ಲಿ ಹೇಗೂ ಗೊತ್ತಾಗುತ್ತದೆ ಅಂದುಕೊಂಡೆ. ವಿಚಾರಣೆ ನಡೆಯಲೇ ಇಲ್ಲ. ಆಸ್ಪತ್ರೆಯವರು ರಕ್ತ ಪರೀಕ್ಷೆಯನ್ನೂ ಮಾಡಿರಲಿಲ್ಲ. ಅವನದೇ ಸಹಿ ಇದ್ದ ಮೇಲೆ ಇನ್ನೇನು ಬೇಕು? ಮದ್ಯಪಾನ ಮಾಡಿದ್ದರಿಂದ ಅರ್ಜಿ ತಿರಸ್ಕೃತ ಎಂದು ಅವನ ಊರಿನ ವಿಳಾಸಕ್ಕೆ ಪತ್ರ ಹೋಯಿತು. ಟೈಪ್ ಮಾಡಿಸಿ ಕಳಿಸಿದವಳೂ ನಾನೇ.

ನಾಲ್ಕು ತಿಂಗಳ ಮೇಲೆ ಯಮನೂರ ಆಫೀಸಿಗೆ ಬಂದ. ಲಿಫ್ಟ್ ಕೆಟ್ಟಿತ್ತು, ಕೋಲೂರಿಕೊಂಡು ಮೂರು ಮಹಡಿ ಹತ್ತಿದ್ದ. ಜಗಳಕ್ಕೇ ಬಂದಿದ್ದಾನೆಂದು ನಾನು ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡೆ. ಅವನು ದುಡ್ಡಿನ ಮಾತೇ ಎತ್ತಲಿಲ್ಲ. ನಮ್ಮ ಪತ್ರವನ್ನು ಊರಿನಲ್ಲಿ ಒಡೆದು ಓದಿದ್ದು ಅವನ ಹೆಂಡತಿ ಶಿವಗಂಗಾ. ಅವಳ ಅಪ್ಪ ಕುಡಿದು ಕುಡಿದೇ ಸತ್ತವನು. ಕುಡುಕನ ಮನೆಯಲ್ಲಿ ಒಂದು ದಿನವೂ ಇರುವುದಿಲ್ಲ ಎಂದು ಮದುವೆಗೆ ಮುಂಚೆಯೇ ಹೇಳಿದ್ದಳಂತೆ. ಪತ್ರ ಓದಿದವಳು ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ. ಇವನು ದೇವರ ಮೇಲೆ ಆಣೆ ಇಟ್ಟರೂ, ಸರ್ಕಾರದ ಕಾಗದ ಸುಳ್ಳು ಹೇಳುತ್ತದೇನು ಎಂದು ಕೇಳುತ್ತಾಳಂತೆ.

"ರೊಕ್ಕ ಬ್ಯಾಡ್ರಿ ಅಕ್ಕಾರ. ನಾ ಕುಡದಿದ್ದಿಲ್ಲ ಅಂತ ಒಂದು ಕಾಗದ ಕೊಡ್ರಿ, ಸಾಕು. ಆಕಿಗೆ ತೋರಿಸ್ತೀನಿ."

ಅವನನ್ನು ಕೂರಿಸಿ ಬಾಲಾಜಿಯವರ ಕೋಣೆಗೆ ಹೋದೆ. ತಪ್ಪು ನನ್ನದೇ ಎಂದು ಹೇಳಿದೆ. ಅವರಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ. ಅಂಥ ಕಾಗದ ಕೊಟ್ಟರೆ ಕೇಸು ಮತ್ತೆ ತೆರೆಯಬೇಕಾಗುತ್ತದೆ, ಹೇಳಿಕೆ ಬರೆದವರ ಮೇಲೂ ವಿಚಾರಣೆಯಾಗುತ್ತದೆ, ಪ್ರಮೋಷನ್ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಯೋಚನೆ ಮಾಡಿ ಎಂದು ಮೆತ್ತಗೆ ಹೇಳಿದರು. ನಾನು ಯೋಚನೆ ಮಾಡಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಮಾಡಿದೆ.

ಹೊರಗೆ ಬಂದು ಒಂದು ಬಿಳಿ ಹಾಳೆ ತೆಗೆದುಕೊಂಡೆ. ಯಮನೂರ ಕುಡಿದಿರಲಿಲ್ಲ, ಇಂಜಿನ್ನಿಗೆ ಎಣ್ಣೆ ಹಾಕುತ್ತಿದ್ದ, ಅರ್ಧಂಬರ್ಧ ಬರೆದವಳು ನಾನು ಎಂದು ಬರೆದು, ಹೇಮಲತಾ ಎಂದು ಸಹಿ ಹಾಕಿದೆ. ಸಹಿಯ ಕೆಳಗೆ ಹುದ್ದೆ ಬರೆಯಲಿಲ್ಲ.

ಅವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಸಿಕ್ಕಾ ಇಲ್ಲಲ್ರಿ ಅಕ್ಕಾರ? ಸಿಕ್ಕಾ ಇಲ್ಲಂದ್ರ ಆಕಿ ನಂಬಂಗಿಲ್ರಿ."

ಸೀಲು ಸಾಹೇಬರ ಹತ್ತಿರ ಇರುತ್ತದೆ, ನನ್ನ ಹತ್ತಿರ ಇಲ್ಲ ಅಂದೆ. ಅವನು ನಂಬಿದ. ಇರಲಿ ಬಿಡಿ, ನೀವಾದರೂ ಬರೆದುಕೊಟ್ಟಿರಲ್ಲ ಎಂದು ಹಾಳೆಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, ನನಗೇ ಕೈಮುಗಿದು, ಮೆಟ್ಟಿಲಿಳಿಯತೊಡಗಿದ. ಮೂರು ಮಹಡಿಯೂ ಅವನ ಕೋಲಿನ ಸದ್ದು ಕೇಳುತ್ತಿತ್ತು. ಸೀಲು ನನ್ನ ಡ್ರಾಯರಿನಲ್ಲೇ ಇತ್ತು. ಬೀಗ ಕೂಡ ಹಾಕಿರಲಿಲ್ಲ.