ಸರಿ ಐತೇನಪಾ?

ನಿರಂಜನನಿಗೆ ಕಾಗದದ ಮೇಲೆ ನಂಬಿಕೆಯಿರಲಿಲ್ಲ. ವಿಜಯವಾಡದ ಬಳಿಯ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಪಾಳಿ ಬದಲಾಗುವಾಗ ನಾವೆಲ್ಲ ರಿಜಿಸ್ಟರು ತೆರೆದು ಓದಿ ಒಪ್ಪಿಸುತ್ತಿದ್ದರೆ, ದಾವಣಗೆರೆಯ ಈ ಮಹಾಶಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿ, ಎಂಟು ಗಂಟೆಗಳ ಒತ್ತಡ, ಉಷ್ಣತೆ, ಯಾವ ಪಂಪು ಮುನಿಸಿಕೊಂಡಿದೆ ಎಂಬುದನ್ನೆಲ್ಲ ಮಂತ್ರಪಠಣದಂತೆ ಹೇಳಿ, ಕೊನೆಗೆ ಒಂದೇ ಕಣ್ಣು ತೆರೆದು "ಸರಿ ಐತೇನಪಾ?" ಎನ್ನುತ್ತಿದ್ದ. ಇಪ್ಪತ್ತಾರು ವರ್ಷ ಅವನಿಂದ ಪಾಳಿ ವಹಿಸಿಕೊಂಡವನು ನಾನು, ಒಂದಂಕಿ ತಪ್ಪಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಿತ್ತು.

ನಿವೃತ್ತಿಗೆ ವರ್ಷವಿರುವಾಗ ಅಂಥವನ ಮಿದುಳಿನಲ್ಲೇ ಗೆಡ್ಡೆ ಬೆಳೆಯಿತು. ವಿಶಾಖಪಟ್ಟಣದಲ್ಲಿ ಶಸ್ತ್ರಚಿಕಿತ್ಸೆಯಾಗಿ, ವಿಕಿರಣ ಚಿಕಿತ್ಸೆಯೂ ಮುಗಿದು, ಒಂಟಿ ಜೀವ ಅದೇ ಊರಿನ ಮಧುರವಾಡದಲ್ಲಿದ್ದ ತಂಗಿ ದಾಕ್ಷಾಯಣಿಯ ಮನೆ ಸೇರಿತು. ನಡಿಗೆ ಹಾಗೆಯೇ ಉಳಿಯಿತು: ಬೆನ್ನ ಹಿಂದೆ ಕೈ, ಹತ್ತು ಹೆಜ್ಜೆಗೊಮ್ಮೆ ನಿಂತು ಗೋಡೆಗೆ ಅಂಗೈಯಿಟ್ಟು ಯಂತ್ರದ ಅದುರು ಹುಡುಕುವ ಚಾಳಿ. ನೆನಪು ಮಾತ್ರ ಸೋರತೊಡಗಿತು.

ಒಂದೇ ಬಗೆಯ ಗೆಡ್ಡೆ, ಒಂದೇ ಚಿಕಿತ್ಸೆ ಕಂಡವರಲ್ಲಿ ಒಬ್ಬರ ನೆನಪು ಉಳಿದು ಇನ್ನೊಬ್ಬರದು ಏಕೆ ಕರಗುತ್ತದೆ, ಹುಟ್ಟಿನಿಂದ ಬಂದ ವಂಶವಾಹಿಗಳ ಪಾಲು ಅದರಲ್ಲೆಷ್ಟು ಎಂದು ಚಿಕಿತ್ಸೆಯಾದ ಆಸ್ಪತ್ರೆಯ ಡಾಕ್ಟರ್ ಪ್ರತ್ಯೂಷಾ ಅಧ್ಯಯನ ನಡೆಸುತ್ತಿದ್ದರು. ನಿರಂಜನನ ರಕ್ತ ತೆಗೆದುಕೊಂಡರು. ಹದಿನೈದು ಪದಗಳನ್ನು ಓದಿ ಮರಳಿ ಹೇಳಿಸಿದರು. ನಾಲ್ಕು ಹೇಳಿದ.

"ನನ್ನದೂ ಅದೇ ಅಪ್ಪ ಅವ್ವನ ರಕ್ತ ಅಲ್ವಾ ಮೇಡಂ," ಎಂದಳು ದಾಕ್ಷಾಯಣಿ. "ನನ್ನ ನೆನಪು ಗಟ್ಟಿ ಐತಿ. ಒಂಚೂರು ತೆಗೆದು ಅಣ್ಣಗೆ ಹಾಕಾಕೆ ಬರಲ್ವಾ?"

ಒಡಹುಟ್ಟಿದವರಿಗೂ ಒಂದೇ ಪಾಲು ಬಂದಿರುವುದಿಲ್ಲವೆಂದು ಡಾಕ್ಟರು ಮೆಲ್ಲಗೆ ತಿಳಿಸಿದರಂತೆ.

ಮೂರು ತಿಂಗಳ ಮೇಲೆ ಅದೇ ಪಟ್ಟಿಯ ಹದಿನೈದನ್ನೂ ನಿರಂಜನ ಒಪ್ಪಿಸಿದ. ಡಾಕ್ಟರು ಬೆರಗಾದರು. ಆ ಸಂಜೆ ದಾಕ್ಷಾಯಣಿ ನನಗೆ ಫೋನು ಮಾಡಿ ಅಳುತ್ತಲೇ ಒಪ್ಪಿಕೊಂಡಳು: "ಪಕ್ಕದಾಗೆ ಕೂತು ಕೇಳಿ ನನಗೇ ಬಾಯಿಪಾಠ ಆಗಿತ್ತು ರಾಮಕೃಷ್ಣಗಾರು. ದಿನಾ ಬೆಳಿಗ್ಗೆ ಮಗ್ಗಿ ಹೇಳಿಸಿದಂಗೆ ಹೇಳಿಸಿದೆ. ಅಣ್ಣ ಫೇಲಾಗೋದು ನೋಡಾಕೆ ಆಗಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಅದು ಪರೀಕ್ಷೆಯಲ್ಲಮ್ಮ, ಮೀಟರು. ಮುಳ್ಳನ್ನ ಬೆರಳಲ್ಲಿ ತಳ್ಳಿದ್ರೆ ಬಾಯ್ಲರು ತಣ್ಣಗಾಗುತ್ತಾ?"

ಮರುದಿನ ಅವಳೇ ಹೋಗಿ ಡಾಕ್ಟರಿಗೆ ನಿಜ ಹೇಳಿದಳು. ಹೊಸ ಪಟ್ಟಿ ಓದಿದರು. ನಿರಂಜನ ಹೇಳಿದ್ದು ಎರಡು ಪದ.

ಬೈದದ್ದೇನೋ ಆಯಿತು, ಮನಸ್ಸು ಮಾತ್ರ ಸುಮ್ಮನಿರಲಿಲ್ಲ. ನನ್ನ ಹೆಸರೊಂದನ್ನು ಅವನ ಬಾಯಲ್ಲಿ ಕೇಳಬೇಕೆಂಬ ಆಸೆಗೆ ವಿಜಯವಾಡದಿಂದ ಆರು ಗಂಟೆ ರೈಲಿನಲ್ಲಿ ಕೂತು ಹೋದೆ. ಬಾಲ್ಕನಿಯಲ್ಲಿದ್ದ.

"ಯಾರು ಬಂದಾರೆ ಹೇಳು ಅಣ್ಣಾ," ಎಂದಳು ದಾಕ್ಷಾಯಣಿ.

ಬಹಳ ಹೊತ್ತು ನೋಡಿದ. ತುಟಿ ಅಲುಗಿತು, ಹೆಸರು ಸಿಗಲಿಲ್ಲ. ಆಮೇಲೆ ನಿಧಾನವಾಗಿ ಎದ್ದು ನಿಂತ, ಕೈಗಳನ್ನು ಬೆನ್ನ ಹಿಂದೆ ಕಟ್ಟಿದ, ಕಣ್ಣು ಮುಚ್ಚಿದ.

"ದೀಪ, ನದಿ, ಗೋಡೆ, ಹಸು, ಕನ್ನಡಿ..."

ತಂಗಿ ಕಲಿಸಿದ ಹದಿನೈದನ್ನೂ ಒಂದು ಬಿಡದೆ ಹೇಳಿ, ಒಂದೇ ಕಣ್ಣು ತೆರೆದ. "ಸರಿ ಐತೇನಪಾ?"

"ಸರಿ ಐತಿ ನಿರಂಜನ. ವಹಿಸಿಕೊಂಡೆ," ಎಂದೆ. ದಾಕ್ಷಾಯಣಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅವಳನ್ನು ಬೈದದ್ದಕ್ಕೆ ನನಗೆ ನಾಚಿಕೆಯಾಯಿತು.

ಆ ಪದಗಳು ಈಗ ನನಗೂ ಬಾಯಿಪಾಠ. ನಿಯಂತ್ರಣ ಕೊಠಡಿಯ ಬಾಗಿಲಲ್ಲಿ ಅವನು ಮತ್ತೊಮ್ಮೆ ಬಂದು ನಿಲ್ಲಬಾರದೇ ಎಂದು ಜೀವ ಹಂಬಲಿಸುತ್ತದೆ. ಇಂಥವರು ಕೆಲವರಿರುತ್ತಾರೆ: ಎದುರಿಗೆ ನಿಂತವನ ಹೆಸರು ಅಳಿಸಿಹೋದರೂ, ಅವನಿಗೆ ತಾವು ಏನನ್ನೋ ಒಪ್ಪಿಸಬೇಕು ಎಂಬುದು ಅವರಲ್ಲಿ ಅಳಿಯುವುದಿಲ್ಲ, ಕೈಯಲ್ಲಿ ಉಳಿದದ್ದು ಹದಿನೈದೇ ಪದವಾದರೂ ಒಪ್ಪಿಸಿಯೇ ಪಾಳಿ ಬಿಡುತ್ತಾರೆ.