ಸೇಠರ ತೊಟ್ಟಿಲ ಮನೆ

ಊಟದ ಬೆಲ್ ಹೊಡೆದ ಕೂಡಲೇ ಮಾಲಾ ಡಬ್ಬಿ ತೆಗೆಯುವುದಿಲ್ಲ. ಗಾರ್ಮೆಂಟ್ಸಿನ ಬಾತ್‌ರೂಮಿಗೆ ಓಡುತ್ತಾಳೆ. ಎದೆಯಲ್ಲಿ ಕಟ್ಟಿಕೊಂಡ ಹಾಲನ್ನು ವಾಷ್ ಬೇಸಿನ್ನಿಗೆ ಹಿಂಡಿ, ನಲ್ಲಿ ಬಿಟ್ಟು, ಅದು ಮೋರಿಗೆ ಹೋಗುವುದನ್ನು ನೋಡುತ್ತಾಳೆ. ಬಟ್ಟೆಯ ಚೂರೊಂದನ್ನು ಮಡಿಸಿ ರವಿಕೆಯೊಳಗಿಟ್ಟುಕೊಂಡು ಬಂದು ಮತ್ತೆ ಮಿಷಿನ್ನಿನ ಮುಂದೆ ಕೂರುತ್ತಾಳೆ. ಅದೇ ಹೊತ್ತಿಗೆ ಲಗ್ಗೆರೆಯಲ್ಲಿ ಅವಳ ಏಳು ತಿಂಗಳ ಮಗು ಡಬ್ಬದ ಹಾಲು ಕುಡಿದು ಕಕ್ಕುತ್ತಿರುತ್ತದೆ.

ಮಾಲಾ ನಮ್ಮ ಪಕ್ಕದ ಮನೆಯವಳು. ಗಂಡ ಮಹದೇವ್ ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಾನೆ. ಇಬ್ಬರೂ ಬೆಳಿಗ್ಗೆ ಹೊರಟರೆ ಮಗುವಿಗೆ ನಮ್ಮ ಬೀದಿಯ ಯಶೋದಮ್ಮನೇ ಗತಿ. ಯಶೋದಮ್ಮನಿಗೆ ಉಬ್ಬಸ. ಒಂದೇ ಕೋಣೆಯಲ್ಲಿ ನಾಲ್ಕು ಮನೆಯ ಕೂಸುಗಳನ್ನು ನೋಡಿಕೊಳ್ಳುತ್ತಾರೆ. ಆದರೂ ಸಂಜೆ ತಾಯಂದಿರು ಬರುವ ಹೊತ್ತಿಗೆ ಪ್ರತಿ ಮಗುವಿನ ಮುಖ ತೊಳೆದು, ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟೇ ಒಪ್ಪಿಸುತ್ತಾರೆ. ಈಚೆಗೆ ಮೆಟ್ಟಿಲು ಹತ್ತಿದರೂ ಆಕೆಗೆ ಏದುಸಿರು. "ಕುಣಿಗಲ್‌ಗೆ ಬಂದ್ಬಿಡಮ್ಮ" ಎಂದು ಮಗಳು ದಿನಾ ಫೋನು ಮಾಡುತ್ತಿದ್ದಳು. "ಈ ಕೂಸುಗಳನ್ನ ಯಾರ ಕೈಗೆ ಕೊಟ್ಟು ಬರ್ಲೇ?" ಎಂದು ಯಶೋದಮ್ಮ ದಿನ ದೂಡುತ್ತಿದ್ದರು.

ಹೀಗಿರುವಾಗ ಮಾಲಾಳ ಕಂಪನಿಯ ಎಚ್.ಆರ್. ಅಧಿಕಾರಿ ಸುಧೀಂದ್ರ ನಮ್ಮ ಮನೆಗೆ ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟರು, ಕಾಫಿ ಕುಡಿದ ಲೋಟವನ್ನು ತಾವೇ ಒಳಗೆ ತಂದಿಟ್ಟರು. ಒಳ್ಳೆಯ ಹುಡುಗ ಅನ್ನಿಸಿತು.

"ಟೀಚರ್, ಮಾಗಡಿ ರೋಡಿನ ಫರ್ದೂನ್‌ಜಿ ಮಿಲ್ಲಿನ ತೊಟ್ಟಿಲ ಮನೇಲಿ ಬೆಳೆದವರಂತೆ ನೀವು. ಮಾಲಾ ಹೇಳಿದ್ಲು."

"ಹೌದಪ್ಪ. ನಮ್ಮಮ್ಮ ಮಿಲ್ಲಲ್ಲಿ ನೂಲು ಸುತ್ತೋರು, ಕೆಲಸದ ಹೊತ್ತಲ್ಲಿ ನನ್ನನ್ನ ಆ ತೊಟ್ಟಿಲ ಮನೇಲಿ ಬಿಡೋರು."

ಆ ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು. ಅದರ ಹೆಸರನ್ನೂ ಅಂಗಳದಲ್ಲಿದ್ದ ಸೇಠರ ಪ್ರತಿಮೆಯನ್ನೂ ಈ ಗಾರ್ಮೆಂಟ್ಸಿನವರು ಕೊಂಡಿದ್ದರು. ಫರ್ದೂನ್‌ಜಿ ಸೇಠರು ಬೊಂಬಾಯಿಯಿಂದ ಬಂದ ಪಾರ್ಸಿ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಬಟ್ಟೆ ಗಿರಣಿ ಹಾಕಿ, ಸ್ಕೂಲು, ಹೆರಿಗೆ ಆಸ್ಪತ್ರೆ ಕಟ್ಟಿಸಿದವರು. ಈಗ ಅವರ ಜಯಂತಿಗೆ ಕಂಪನಿಯ ಬಟ್ಟೆ ಕೊಳ್ಳುವ ಫಾರಿನ್ ಬಯರ್‌ಗಳು ಬರುತ್ತಾರೆ, ಅವತ್ತೇ ಕಂಪನಿಯಲ್ಲಿ ಸೇಠರ ಹೆಸರಿನ ಶಿಶುಕೇಂದ್ರ ಶುರುವಾಗುತ್ತದೆ, ನಾನು ಬಂದು ನಾಲ್ಕು ಮಾತಾಡಬೇಕು ಎಂದರು ಸುಧೀಂದ್ರ.

ಅವತ್ತು ಸಂಜೆ ಮಾಲಾ ಹಾರಿಕೊಂಡು ಬಂದಳು.

"ಟೀಚರಮ್ಮ, ನಿಜಾನಾ? ಊಟದ ಟೈಮಲ್ಲಿ ಹೋಗಿ ಹಾಲು ಕೊಡ್ಬೋದಾ?"

"ನಮ್ಮಮ್ಮ ಹಾಗೇ ಕೊಡ್ತಿದ್ರಂತೆ ಕಣೇ."

ಅವಳು ನೇರ ಯಶೋದಮ್ಮನ ಹತ್ತಿರ ಹೋಗಿ, "ಇನ್ನು ನೀವು ಮಗಳ ಮನೆಗೆ ಹೋಗಿ ಸುಧಾರಿಸ್ಕೊಳ್ಳಿ, ನಮ್ದು ಆಯ್ತು" ಎಂದಳು. ಉಳಿದ ಮೂವರು ತಾಯಂದಿರೂ ಅದನ್ನೇ ಹೇಳಿದರು. ಅವರೂ ಅದೇ ಗಾರ್ಮೆಂಟ್ಸಿನವರು. ಜಯಂತಿಯ ಹಿಂದಿನ ಸಂಜೆ ಯಶೋದಮ್ಮ ನಾಲ್ಕು ಮಕ್ಕಳಿಗೂ ತಲೆಗೆ ಎಣ್ಣೆ ಹಚ್ಚಿ, ಕಣ್ಣೊರೆಸಿಕೊಂಡು ಬಸ್ಸು ಹತ್ತಿದರು.

ಜಯಂತಿಯ ದಿನ ಶಾಮಿಯಾನ, ಬಲೂನು. ಗೋಡೆಗೆ ಬಾತುಕೋಳಿ, ಆನೆ ಬರೆದ ಕೋಣೆಯಲ್ಲಿ ಸಾಲಾಗಿ ಬಿಳಿ ತೊಟ್ಟಿಲುಗಳು. ಹಸಿರು ಸೀರೆಯುಟ್ಟ ಆಯಾ. ನಾಲ್ಕು ಕೂಸುಗಳಿಗೂ ಕಂಪನಿಯ ಹೊಸ ಬಟ್ಟೆ. ಬಿಳಿಯ ಹೆಂಗಸೊಬ್ಬಳು ಮಾಲಾಳ ಮಗುವನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡಳು. ಮಗು ಅವಳ ಸರ ಹಿಡಿದೆಳೆಯಿತು. ಅವಳು ಬಿಡಿಸಿಕೊಳ್ಳದೆ ಅದು ತಾನಾಗಿ ಬಿಡುವವರೆಗೆ ಕತ್ತು ಬಗ್ಗಿಸಿಕೊಂಡೇ ನಿಂತಿದ್ದಳು.

ನನ್ನ ಸರದಿ ಬಂತು. ಮೈಕಿನ ಮುಂದೆ ನಿಂತು ಕನ್ನಡದಲ್ಲಿ ಹೇಳಿದೆ.

"ಸೇಠರು ಒಳ್ಳೆಯವರು. ತೊಟ್ಟಿಲ ಮನೆಗೆ ಬಂದಾಗ ಹಾಲಿನ ಬಾಟಲಿಯಿಂದ ಒಂದು ಹನಿ ತಮ್ಮ ಮಣಿಕಟ್ಟಿನ ಮೇಲೆ ಹಾಕಿಕೊಂಡು ಬಿಸಿ ನೋಡುತ್ತಿದ್ದರಂತೆ. ಆದರೆ ಆ ಮನೆ ಅವರಾಗಿಯೇ ಕಟ್ಟಿಸಿದ್ದಲ್ಲ. ಮೊದಲು ಹೆಂಗಸರು ಮಕ್ಕಳನ್ನು ಮಿಷಿನ್ನಿನ ಪಕ್ಕದಲ್ಲಿ, ನೂಲಿನ ರಾಶಿಯ ಮೇಲೆ ಮಲಗಿಸುತ್ತಿದ್ದರು. ಒಂದು ಕೂಸು ಅಲ್ಲೇ ಉಸಿರು ಕಟ್ಟಿ ಸತ್ತಿತು. ಮಾರನೆಯ ದಿನ ಹೆಂಗಸರೆಲ್ಲ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಗೇಟಿಗೆ ಅಡ್ಡ ಕೂತರು. ಸೇಠರ ಕಾರು ಒಳಗೆ ಹೋಗಲಿಲ್ಲ. ಅವರು ಇಳಿದು ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಆಮೇಲೆ ಕಟ್ಟಿಸಿದರು. ಚೆನ್ನಾಗಿಯೇ ಕಟ್ಟಿಸಿದರು. ಹಾಲು ಕೊಡಲು ಹೋದ ಹೊತ್ತಿನ ಕೂಲಿಯನ್ನು ಮಾತ್ರ ಹಿಡಿದುಕೊಂಡರು."

ಹಿಂದಿನ ಸಾಲುಗಳಲ್ಲಿ ಹೊಲಿಗೆಯ ಹೆಂಗಸರು ಪಿಸುಗುಟ್ಟಿದರು. ಸುಧೀಂದ್ರ ಮೈಕು ತೆಗೆದುಕೊಂಡು ಬಯರ್‌ಗಳಿಗೆ ಇಂಗ್ಲಿಷಿನಲ್ಲಿ ಹೇಳಿದರು: ಈ ಅಜ್ಜಿಯ ಪ್ರಕಾರ ಸೇಠರು ಮಕ್ಕಳನ್ನು ಬಹಳ ಪ್ರೀತಿಸುತ್ತಿದ್ದರು, ಕೆಲಸಗಾರರೆಲ್ಲ ಅವರನ್ನು ತಂದೆ ಎಂದೇ ಕರೆಯುತ್ತಿದ್ದರು. ಬಯರ್‌ಗಳು ಚಪ್ಪಾಳೆ ತಟ್ಟಿದರು. ನಾನು ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳೆಂದು ಸುಧೀಂದ್ರರಿಗೆ ಯಾರೂ ಹೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಮಗುವನ್ನು ಬಿಡಲು ಹೊರಟ ಮಾಲಾಳ ಜೊತೆ ನಾನೂ ಹೋದೆ. ಅವಳ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಊಟದ ಡಬ್ಬಿ. ಮಗುವಿನ ಬಟ್ಟೆಯ ಚೀಲ ನನ್ನ ಕೈಯಲ್ಲಿತ್ತು. ಉಳಿದ ಮೂವರೂ ಗೇಟಿನ ಹತ್ತಿರ ಕೂಸುಗಳನ್ನು ಎತ್ತಿಕೊಂಡು ನಿಂತಿದ್ದರು. ಶಿಶುಕೇಂದ್ರದ ಬಾಗಿಲಿಗೆ ಬೀಗ. ಶಾಮಿಯಾನದವರು ಕುರ್ಚಿಗಳ ಜೊತೆ ತೊಟ್ಟಿಲುಗಳನ್ನೂ ಟೆಂಪೋಗೆ ತುಂಬಿ ಹಗ್ಗ ಬಿಗಿಯುತ್ತಿದ್ದರು.

"ಯಲ್ಲಣ್ಣ, ಎಲ್ಲಿಗೆ ಹೋಗ್ತವೆ ಅವು?" ಮಾಲಾ ಗೇಟಿನ ಸೆಕ್ಯೂರಿಟಿ ಯಲ್ಲಪ್ಪನನ್ನು ಕೇಳಿದಳು.

ಆತ ಮುಖ ತಿರುಗಿಸಿದ. "ಬಾಡಿಗೆದಂತೆ ಕಣಮ್ಮ. ಇವತ್ತು ಯಾವುದೋ ಛತ್ರದಲ್ಲಿ ನಾಮಕರಣ ಐತಂತೆ."

ಸುಧೀಂದ್ರ ಬಂದರು. "ಏನಿದು, ಮಕ್ಕಳನ್ನ ಯಾಕೆ ಕರ್ಕೊಂಡ್ ಬಂದ್ರಿ? ಇನ್ನೂ ಪರ್ಮಿಷನ್ ಬಂದಿಲ್ಲ. ಆಯಾ ಸಿಕ್ಕಿಲ್ಲ."

"ನಿನ್ನೆ ಇದ್ರಲ್ಲ ಸಾರ್, ಹಸಿರು ಸೀರೆಯವ್ರು?"

"ಅವಳು ಚೆಕಿಂಗ್ ಸೆಕ್ಷನ್ ಕುಸುಮಾ. ಸೀರೆ ಕಂಪನಿದು."

ಯಾರೋ ಕಿಸಕ್ಕನೆ ನಕ್ಕರು. ಮಾಲಾ ನಗಲಿಲ್ಲ.

"ನೋಡ್ಕೊಳ್ಳೋರನ್ನ ಊರಿಗೆ ಕಳಿಸ್ಬಿಟ್ವಿ ಸಾರ್. ಈಗೇನ್ ಮಾಡೋದು?"

"ಒಂದ್ ತಿಂಗಳು ಅಡ್ಜಸ್ಟ್ ಮಾಡ್ಕೊಳ್ಳಿ. ಆಗ್ಲಿಲ್ವಾ, ಕೆಲ್ಸ ಬಿಟ್ಟು ಮಗು ನೋಡ್ಕೋ. ಯಾರ್ ಬೇಡ ಅಂತಾರೆ?"

ನನಗೆ ತಡೆಯಲಾಗಲಿಲ್ಲ. "ಕೊಡೇ ಮಾಲಾ, ನಾನು ನೋಡ್ಕೋತೀನಿ. ನೀನು ಒಳಗೆ ಹೋಗು" ಎಂದು ಕೈ ಚಾಚಿದೆ.

ಸುಧೀಂದ್ರರ ಮುಖ ಅರಳಿತು. "ನೋಡಿ, ಎಂಥಾ ದೊಡ್ಡ ಮನಸ್ಸು ಟೀಚರ್‌ದು! ಥೇಟ್ ಸೇಠ್‌ಜಿ ಥರ. ಪ್ರಾಬ್ಲಮ್ ಸಾಲ್ವ್ ಆಯ್ತಲ್ಲ, ಹೊರಡಿ ಹೊರಡಿ."

ಮಾಲಾ ಮಗುವನ್ನು ನನ್ನ ಕಡೆಗೆ ಬಾಗಿಸಿದ್ದವಳು ಹಾಗೇ ನಿಂತಳು. ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಮಗುವನ್ನು ಮತ್ತೆ ಎದೆಗೆ ಒತ್ತಿಕೊಂಡಳು.

"ಬೇಡ ಟೀಚರಮ್ಮ. ಬೇಜಾರ್ ಮಾಡ್ಕೋಬೇಡಿ. ನೀವು ಎತ್ಕೊಂಡ್ರೆ ಇವ್ರಿಗೆ ಸಲೀಸಾಗುತ್ತೆ."

ನನ್ನ ಕೈ ಗಾಳಿಯಲ್ಲೇ ಉಳಿಯಿತು. ಅವಳು ಹೇಳಿದ್ದು ಸರಿಯೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

ಮಾಲಾ ಗೇಟಿನ ನಡುವೆ, ಟೆಂಪೋದ ಮುಂದೆ ನೆಲದ ಮೇಲೆ ಕೂತಳು. ಉಳಿದ ಮೂವರೂ ಕೂತರು. ನಾನು ಮಂಡಿ ನೋವಿಗೆ ಕೂರಲಾರದೆ ಪಕ್ಕದಲ್ಲಿ ನಿಂತೆ. ಯಲ್ಲಪ್ಪ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ತಂದು ನನ್ನ ಹಿಂದೆ ಇಟ್ಟು ಹೋದ.

"ನಾಲ್ಕೇ ಜನ. ಎಷ್ಟೊತ್ತು ಕೂರ್ತಾರೆ, ಕೂರ್ಲಿ" ಎಂದರು ಸುಧೀಂದ್ರ.

ಆದರೆ ಮಾಲಾ ಅಂಗಿಗಳಿಗೆ ಕಾಲರ್ ಕೂರಿಸುವವಳು. ಅವಳ ಲೈನಿನಲ್ಲಿ ಕಾಲರ್ ಕೂರದೆ ತೋಳು ಹಚ್ಚುವವಳಿಗೆ ಪೀಸು ಹೋಗುವುದಿಲ್ಲ, ತೋಳಿಲ್ಲದೆ ಕಫ್ ಹಚ್ಚುವವಳಿಗೆ ಕೆಲಸವಿಲ್ಲ. ಉಳಿದ ಮೂವರದೂ ಒಂದೊಂದು ಲೈನು. ಬಿಸಿಲೇರುವ ಹೊತ್ತಿಗೆ ಒಳಗೆ ಮಿಷಿನ್ನುಗಳ ಸದ್ದು ಒಂದೊಂದು ಕಡೆಯಿಂದ ಅಡಗುತ್ತ ಬಂತು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು. ಮೊದಲು ತೋಳಿನವಳು ಬಂದು ಮಾಲಾಳ ಪಕ್ಕ ಕೂತಳು. ಹಿಂದೆಯೇ ಕಫ್ಫಿನವಳು, ಗುಂಡಿಯವಳು, ಇಸ್ತ್ರಿಯವರು. ಅಂಗಳ ತುಂಬಿತು.

"ಬಯರ್ ಆರ್ಡರ್ ಇದೆ, ಶಿಪ್‌ಮೆಂಟ್ ಇದೆ, ಹೊಟ್ಟೆಗೆ ಅನ್ನ ತಿನ್ನೋರು ಮಾಡೋ ಕೆಲ್ಸಾನಾ ಇದು!" ಸುಧೀಂದ್ರ ಕೂಗಿದರು.

"ಬಯರ್‌ಗೆ ಫೋನ್ ಮಾಡಿ ಸಾರ್," ಗುಂಪಿನಿಂದ ಒಂದು ದನಿ. "ಟೀಚರಮ್ಮನೇ ಮಾತಾಡ್ತಾರೆ, ಇಂಗ್ಲಿಷಲ್ಲಿ."

ಎಲ್ಲರೂ ನಕ್ಕರು. ಸುಧೀಂದ್ರ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಕುಸುಮಾ ಗುಂಪಿನಿಂದೆದ್ದು ಟೆಂಪೋ ಹತ್ತಿದಳು. ಹಗ್ಗದ ಗಂಟು ಬಿಚ್ಚಿ, ಒಂದು ತೊಟ್ಟಿಲನ್ನು ಎತ್ತಿ ಕೆಳಗಿದ್ದವರ ಕೈಗೆ ಕೊಟ್ಟಳು. ಆಮೇಲೆ ಇನ್ನೊಂದು. ಟೆಂಪೋ ಹುಡುಗ ಓಡಿ ಬಂದ.

"ಅಕ್ಕಾ, ಅಕ್ಕಾ, ಅದು ನಮ್ ಓನರ್‌ದು! ಬಾಡಿಗೆ ಐಟಂ ಅಕ್ಕ, ನಂಗೆ ಬಯ್ತಾರೆ!"

ಮಾಲಾ ಎದ್ದು ಮಗುವನ್ನು ತೊಟ್ಟಿಲಿಗೆ ಹಾಕಿದಳು. ತೂಗುತ್ತಲೇ ಅವನಿಗೆ ಹೇಳಿದಳು:

"ಹೆದರ್ಬೇಡ ಕಣೋ. ಸಾಯಂಕಾಲ ಶಿಫ್ಟ್ ಬಿಟ್ಟ ಮೇಲೆ ತಗೊಂಡ್ ಹೋಗು. ಬೆಳಿಗ್ಗೆ ಬೆಲ್ ಹೊಡೆಯೋಷ್ಟರಲ್ಲಿ ಮತ್ತೆ ತಂದಿಡು. ದಿನಾ ತಂದಿಡು. ಬಾಡಿಗೇನಾ, ಇದಾರಲ್ಲ ಈ ಸಾರ್, ಇವ್ರ ಹತ್ರ ಇಸ್ಕೋ."